ಎಪ್ಪತ್ತೈದರ ನೆರಳು

ಸಸಿಗಳಿಗೆ ನೆರಳು ಕಟ್ಟುವ ಐವತ್ತರ ಶೇಡ್ ನೆಟ್ಟಿನ ದರಕ್ಕೆ ಎಪ್ಪತ್ತೈದರ ನೆಟ್ ಗಿಟ್ಟಿಸಿಕೊಂಡು ಬಂದವಳು ನಾನು. ಹಾವೇರಿಯ ಆ ಅಂಗಡಿಯವನು ಕೊನೆಗೆ ಎರಡೂ ಕೈ ಮುಗಿದು, ‘ಅಕ್ಕಾರ, ಇನ್ನೊಮ್ಮೆ ನನ್ನ ಅಂಗಡಿ ಮೆಟ್ಟಲಾ ಹತ್ತಬ್ಯಾಡ್ರಿ’ ಎಂದಿದ್ದ. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡು ಬಸ್ ಹತ್ತಿದ್ದೆ. ಆದರೆ ಆ ನೆಟ್ಟಿಗೆ ನಾನು ನಿಜವಾಗಿ ತೆತ್ತದ್ದು ಅಂಗಡಿಯಲ್ಲಿ ಎಣಿಸಿಕೊಟ್ಟ ದುಡ್ಡಲ್ಲ. ಅರವತ್ತು ಟ್ರೇ ಮೆಣಸಿನ ಸಸಿ ತೆತ್ತೆ. ಅವು ನನ್ನವೂ ಆಗಿರಲಿಲ್ಲ, ಅಗಡಿ ಊರಿನ ಗಿರಿಜವ್ವನವು. ಕಾರಣ ಇಷ್ಟೇ: ನೆಟ್ಟಿನ ಸುರುಳಿಯ ಮೇಲೆ ಬರೆದ ಅಂಕಿ ಏನನ್ನು ಹೇಳುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಎದುರಿನವನಿಗೆ ನನ್ನ ಅಜ್ಞಾನ ತಿಳಿದು ದರ ಏರಿಸುತ್ತಾನೆ ಎಂಬ ಲೆಕ್ಕ ನನ್ನದು.

ಮೊನ್ನೆ ರಾಣೆಬೆನ್ನೂರಿನಿಂದ ಹಲಗೇರಿ ಕಡೆ ಹೊರಟಿದ್ದೆ. ನಾನು ಮೊದಲು ಬಾಡಿಗೆಗೆ ಹಿಡಿದಿದ್ದ ಜಾಗದಲ್ಲಿ ಈಗ ಬೇರೆ ಯಾರೋ ನರ್ಸರಿ ಮಾಡಿದ್ದಾರೆ. ಇಬ್ಬರು ಹೆಣ್ಣುಮಕ್ಕಳು ಕಂಬಗಳ ಮೇಲೆ ಹೊಸ ನೆಟ್ ಎಳೆದು ಕಟ್ಟುತ್ತಿದ್ದರು. ಬಿಸಿಲಿಗೆ ಕಾದ ಹೊಸ ಪ್ಲಾಸ್ಟಿಕ್ಕಿನ ವಾಸನೆ ರಸ್ತೆಯವರೆಗೂ ಬಂತು. ಗಾಡಿ ನಿಲ್ಲಿಸಿ ಇಳಿದುಬಿಟ್ಟೆ. ಆ ವಾಸನೆಗೆ ನನಗೆ ಆ ಒಂದು ಮುಂಗಾರು ಇಡಿಯಾಗಿ ನೆನಪಾಯಿತು.

ಅದು ನನ್ನ ನರ್ಸರಿಯ ಮೊದಲ ವರ್ಷ. ಅದಕ್ಕಿಂತ ಮುಂಚೆ ಹನ್ನೊಂದು ಸುಗ್ಗಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿ ಮಾಡಿದ್ದೆ. ಕೈ ಉರಿಗೆ ಮಜ್ಜಿಗೆ ಹಚ್ಚಿಕೊಂಡು ಉಣ್ಣುತ್ತಿದ್ದ ಕಾಲ. ಕುಳಿತಲ್ಲೇ ಕಿವಿ ತೆರೆದಿಟ್ಟು, ಯಾವ ಕಾಯಿಗೆ ಯಾಕೆ ಹೆಚ್ಚು ದರ, ಯಾವ ವ್ಯಾಪಾರಿ ಯಾವಾಗ ಇಳಿಯುತ್ತಾನೆ ಎಂದು ಕಲಿತೆ. ಆಮೇಲೆ ಬುಟ್ಟಿಯಲ್ಲಿ ಬದನೆ, ಟೊಮ್ಯಾಟೊ ಸಸಿ ಹೊತ್ತು ಸಂತೆಗೆ ಹೋದೆ. ಕೊನೆಗೆ ಹಲಗೇರಿ ರಸ್ತೆಯಲ್ಲಿ ಹತ್ತು ಗುಂಟೆ, ಒಂದು ಬೋರು, ಒಂದು ಸಿಮೆಂಟಿನ ನೀರಿನ ತೊಟ್ಟಿ. ರಾಣೆಬೆನ್ನೂರಿನ ಸುತ್ತ ಬೀಜದ ಕಂಪನಿಗಳ ನೆಟ್ ಮನೆಗಳನ್ನು ನೋಡಿ ನೋಡಿ, ನೆಟ್ ದಪ್ಪ ಇದ್ದಷ್ಟೂ ಸಸಿಗೆ ಸುಖ ಎಂದು ನಾನೇ ತೀರ್ಮಾನಿಸಿದ್ದೆ. ಐವತ್ತಕ್ಕಿಂತ ಎಪ್ಪತ್ತೈದು ದೊಡ್ಡದು. ಮೇಲಾಗಿ ಹಸಿರು ಬಣ್ಣದ್ದು. ಗಿಡವೂ ಹಸಿರು, ನೆಟ್ಟೂ ಹಸಿರು, ಇನ್ನೇನು ಬೇಕು?

ಜೂನ್ ಮೊದಲ ವಾರ ಗಿರಿಜವ್ವ ಬಂದಳು. ಅರವತ್ತು ದಾಟಿದವಳು, ನಡೆಯುವಾಗ ಮಾತ್ರ ನನಗಿಂತ ಮುಂದೆ. ಸೊಂಟದ ಚೀಲದಿಂದ ಒಂದು ಅರಿವೆಯ ಗಂಟು ತೆಗೆದಳು. ಎರಡು ಹಿಡಿ ಕಡ್ಡಿ ಮೆಣಸಿನ ಬೀಜ. ಉದ್ದಕ್ಕೆ, ತೆಳ್ಳಗೆ, ಮೈಯೆಲ್ಲ ಸುಕ್ಕುಗಟ್ಟುವ ಕಾಯಿಯ ಬೀಜ. ಮದುವೆಯಾಗಿ ಬರುವಾಗ ತವರಿನಿಂದ ತಂದ ತಳಿ, ಪ್ರತಿ ವರ್ಷ ತಾನೇ ಕಾಯಿ ಆರಿಸಿ ಇಟ್ಟುಕೊಂಡದ್ದು. ಆ ಹಿಂದಿನ ವರ್ಷ ಬೀಜಕ್ಕೆಂದು ಒಣಹಾಕಿದ್ದ ಕಾಯಿಗಳ ಮೇಲೆ ಅಕಾಲದ ಮಳೆ ಬಿದ್ದು ಬೂಷ್ಟು ಹಿಡಿದಿತ್ತು. ಉಳಿದದ್ದು ಇಷ್ಟೇ.

‘ರೇಣವ್ವಾ, ಸೆರಗು ಹಿಡಿ’ ಎಂದಳು.

‘ಯಾಕಬೇ ಯವ್ವಾ, ಕೈಯಾಗ ಕೊಡು. ನಾ ಏನ್ ಮದಲಗಿತ್ತಿ ಏನು?’

‘ಬೀಜ ಕೈಯಾಗ ಕೊಡೂದಿಲ್ಲ, ಉಡ್ಯಾಗ ಹಾಕ್ತೀವಿ. ಉಡ್ಯಾಗ ಹಾಕಿದವರನ್ನ ಬರಿಗೈಲೆ ಹೊಳ್ಳಿ ಕಳಸಬಾರದು. ನೆನಪಿರಲಿ.’

ಆಕೆಯ ಮಗ ಚಂದ್ರು ಬೈಕಿನ ಮೇಲೆ ಕೂತೇ ನಗುತ್ತಿದ್ದ. ಒಳ್ಳೆಯ ಹುಡುಗ, ದುಡಿಯುವವ, ಆದರೆ ಅವನಿಗೆ ಈ ಬೀಜದ ಮೇಲೆ ಅಷ್ಟು ಮೋಹವಿರಲಿಲ್ಲ. ‘ಅಕ್ಕಾ, ಇದು ಕಡೀ ಸಲ ನೋಡ್ರಿ. ಈ ಸಸಿ ಏನರ ಹೋದುವಂದ್ರ ಕಂಪನಿ ಸಸಿ ತರ್ತೇನಿ. ಅವ್ವಗ ಹೇಳೇನಿ, ಆಕಿ ಹೂಂ ಅಂದಾಳ’ ಎಂದ. ಗಿರಿಜವ್ವ ಮುಖ ಆ ಕಡೆ ತಿರುಗಿಸಿದಳು. ಹೂಂ ಅಂದದ್ದು ಖರೇ ಇತ್ತು.

ಬೀಜ ನೂರಿಪ್ಪತ್ತು ಟ್ರೇ ತುಂಬಿತು. ಎಂಟು ಹತ್ತು ದಿನದಲ್ಲಿ ಮೊಳಕೆ ಎದ್ದವು. ಇಪ್ಪತ್ತು ದಿನಕ್ಕೆ ಬೇರೆಯವರ ನರ್ಸರಿಯ ಸಸಿಗಿಂತ ನಾಲ್ಕು ಬೆರಳು ಎತ್ತರ. ಎಲೆ ಅಗಲ, ಬಣ್ಣ ಕಡುಹಸಿರು. ಬಂದವರಿಗೆಲ್ಲ ತೋರಿಸಿ ಬೀಗಿದೆ. ‘ನೆಟ್ ಎಪ್ಪತ್ತೈದರದು’ ಎಂದು ಕೇಳದಿದ್ದರೂ ಹೇಳಿದೆ.

ಆ ದಿನಗಳಲ್ಲಿ ನನ್ನ ಬಳಿ ಬರುತ್ತಿದ್ದ ವಿಚಿತ್ರ ಗಿರಾಕಿ ಎಂದರೆ ಮಹದೇವ ಮಾಸ್ತರು. ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವರು. ಅವರು ಸಸಿ ಕೇಳಲಿಲ್ಲ, ನನ್ನ ನೀರಿನ ತೊಟ್ಟಿಯ ಪಾಚಿ ಕೇಳಿದರು. ಹುಡುಗರಿಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಲಿಕ್ಕಂತೆ.

‘ಪಾಚಿಗೆ ಏನ್ ಕೊಡ್ತೀರಿ ಸರ್?’ ಎಂದೆ. ರೂಢಿ, ಬಾಯಿಗೆ ಬಂದುಬಿಟ್ಟಿತು.

ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ‘ತಾಯೀ, ತೊಟ್ಟಿ ತೊಳದು ಕೊಡ್ತೇನಿ. ನಿನಗ ಅದ ಲಾಭ.’

ಎರಡು ಶೀಶೆಗಳಲ್ಲಿ ಬೇರೆ ಬೇರೆ ತುಂಬಿಕೊಂಡರು: ನೆಟ್ಟಿನ ಕೆಳಗಿನ ಬದಿಯಿಂದ ಒಂದು, ಬಯಲಿನ ಬದಿಯಿಂದ ಒಂದು. ನೆರಳಿನದು ಕಪ್ಪಿಟ್ಟ ಹಸಿರು, ಬಿಸಿಲಿನದು ಹಳದಿ ತಿರುಗಿದ ಹಸಿರು. ‘ಎರಡು ಜಾತಿ ಏನ್ರಿ?’ ಎಂದು ಕೇಳಿದೆ. ‘ಜಾತಿ ಒಂದ. ಬಿಸಿಲು ಎರಡು’ ಎಂದರು. ಹೋಗುವಾಗ ಗಿರಿಜವ್ವನ ಟ್ರೇಗಳ ಮೇಲೆ ಬಗ್ಗಿ, ಒಂದು ಎಲೆ ಹಿಡಿದು ಆಕಾಶಕ್ಕೆ ತೋರಿಸಿದರು. ‘ಎತ್ತರ ಅದಾವ. ಆದ್ರ ಮೈಯಾಗ ಏನೂ ಇಲ್ಲ ಇವಕ್ಕ’ ಎಂದರು. ಸಸಿ ಕೊಳ್ಳದವರ ಮಾತಿಗೆ ನಾನು ಬೆಲೆ ಕೊಡುತ್ತಿರಲಿಲ್ಲ.

ಜುಲೈ ನಡುವಿಗೆ ಒಂದು ವಾರ ಹಿಡಿದ ಮಳೆ ಬಿಟ್ಟಿತು. ಕರಿಮಣ್ಣಿನಲ್ಲಿ ಒಳ್ಳೆ ಹಸಿ. ಚಂದ್ರು ಟ್ರ್ಯಾಕ್ಟರ್ ತಂದು ಅರವತ್ತು ಟ್ರೇ ಒಯ್ದು, ಮುಂಜಾನೆ ಆಳು ಹಚ್ಚಿ ನೆಡಿಸಿದ. ಉಳಿದ ಅರ್ಧ ಎರಡು ದಿನ ಬಿಟ್ಟು ಎಂದು ಮಾತಾಯಿತು. ಆ ಎರಡು ದಿನ ಆಕಾಶದಲ್ಲಿ ಒಂದೂ ಮೋಡವಿಲ್ಲ. ಮಳೆ ತೊಳೆದ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು.

ಮೂರನೆಯ ದಿನ ಮುಂಜಾನೆ ಗಿರಿಜವ್ವ ಮೊದಲ ಬಸ್ಸಿಗೇ ಬಂದಳು. ಕೈಯಲ್ಲಿ ಬೇರು ಸಹಿತ ಕಿತ್ತ ಸಸಿ ಒಂದು. ಅದರ ಎಲೆ ಹಳೆಯ ಕಾಗದದಂತೆ ಬೆಳ್ಳಗಾಗಿತ್ತು. ಬಾಡಿ ಹೋದದ್ದಲ್ಲ, ಬೇರಿಗೆ ಮಣ್ಣು ಹಸಿಯಾಗಿ ಅಂಟಿಕೊಂಡೇ ಇತ್ತು. ಹಸಿರೇ ಹೋಗಿಬಿಟ್ಟಿತ್ತು.

‘ಎಲ್ಲಾನೂ ಹಿಂಗ ಆಗ್ಯಾವ?’

‘ಎಣಸಾಕ ಹೋಗಲಿಲ್ಲ’ ಎಂದಳು. ಬೈದರೆ ನನಗೆ ಉತ್ತರ ಗೊತ್ತಿತ್ತು. ಬೈಯಲಿಲ್ಲ. ಉಳಿದ ಅರವತ್ತು ಟ್ರೇಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ‘ಇವು ಹೋದ್ರ ನನ್ನ ಬೀಜ ಮುಗೀತು ರೇಣವ್ವಾ’ ಎಂದಳು.

ನನಗೆ ನೆನಪಾದದ್ದು ಪಾಚಿಯ ಮಾಸ್ತರು. ಫೋನ್ ಹಚ್ಚಿದೆ. ಕಾಲೇಜು ಶುರುವಾಗುವ ಮುಂಚೆಯೇ ಸ್ಕೂಟರಿನಲ್ಲಿ ಬಂದರು. ಬಿಳಿ ಎಲೆ ನೋಡಿದರು, ತಲೆ ಎತ್ತಿ ನೆಟ್ ನೋಡಿದರು.

‘ಇದು ಎಷ್ಟರ ನೆಟ್ಟು?’

‘ಎಪ್ಪತ್ತೈದರದು ಸರ್. ಐವತ್ತರ ದರಕ್ಕ ತಂದೇನಿ’ ಎಂದೆ. ಆ ಹೊತ್ತಿನಲ್ಲೂ ಹೇಳದೆ ಇರಲಾಗಲಿಲ್ಲ.

‘ಎಪ್ಪತ್ತೈದು ಅಂದ್ರ ಅದು ಕೊಡೋ ಬೆಳಕಲ್ಲ ತಾಯಿ, ತಡಿಯೋ ಬೆಳಕು. ನೂರಕ್ಕ ಎಪ್ಪತ್ತೈದು ಪಾಲು ನೀ ಮ್ಯಾಲೆ ನಿಲ್ಲಿಸೀದಿ. ಈ ಸಸಿ ಕಾಲು ಪಾಲಿನಾಗ ಬದುಕ್ಯಾವ.’

ದುಡ್ಡು ಉಳಿಸಿದೆ ಎಂದು ಕತ್ತಲೆ ಕೊಂಡು ತಂದಿದ್ದೆ.

ಗಿರಿಜವ್ವ ಬಿಡಲಿಲ್ಲ. ‘ಕಾಲು ಪಾಲಿನಾಗ ಬದುಕಿದ್ದಕ್ಕ ಪೂರಾ ಸಿಕ್ರ ಖುಷಿ ಆಗಬೇಕಲ್ರಿ? ಸಾಯೂದ್ಯಾಕ?’

ಮಾಸ್ತರು ತೊಟ್ಟಿಯ ಕಟ್ಟೆಯ ಮೇಲೆ ಕೂತರು. ‘ರೇಣುಕಾ, ನೀ ಬ್ಯಾಡಗ್ಯಾಗ ದುಡದಾಕಿ. ಲಾರ್‍ಯಾಗಿಂದ ಚೀಲ ಕಾಟಾಕ್ಕ ಹೆಂಗ ಬರ್ತಿದ್ದು ಹೇಳು’ ಎಂದರು. ಕಾಟಾ ಎಂದರೆ ತೂಕದ ಯಂತ್ರ.

‘ಹಮಾಲರು ಹೊತ್ತು ತರ್ತಾರ್ರಿ.’

‘ಹಮಾಲರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದ್ರು ಅಂತ ತಿಳಕೋ. ಎಲಿಯೊಳಗ ಹಸಿರು ಕಣ ಅದಾವ. ಅವ ಹಮಾಲರು. ಬಿಸಿಲಿನ ಕೆಂಪು, ನೀಲಿ ಬೆಳಕು ಹಿಡೀತಾವ. ಹಸಿರು ಬೆಳಕಿನ ಮ್ಯಾಲೆ ಅಷ್ಟು ಆಸೆ ಇಲ್ಲ ಅವಕ್ಕ, ಭಾಳಷ್ಟು ಹೊಳ್ಳಿ ಬಿಡ್ತಾವ. ಅದಕ್ಕ ನಮ್ಮ ಕಣ್ಣಿಗೆ ಎಲಿ ಹಸಿರು ಕಾಣ್ತದ. ಹಿಡಿದದ್ದನ್ನ ಒಂದು ಕಣ ಬಾಜೂದಕ್ಕ ದಾಟಸ್ತದ, ಅದು ಮತ್ತೊಂದಕ್ಕ. ಹಿಂಗ ನೂರಾರು ಕಣ ಸೇರಿ ಒಂದು ಕಾಟಾಕ್ಕ ಮುಟ್ಟಸ್ತಾವ. ಕಾಟಾ ಮುಟ್ಟಿದ ಬೆಳಕಷ್ಟ ಗಿಡಕ್ಕ ದಕ್ಕೂದು. ಅದರಿಂದ ಮುಂದ ನೀರು ಗಾಳಿ ಕೂಡಿಸಿ ಸಕ್ಕರಿ ಮಾಡ್ಕೋತದ. ತಿಳೀತಾ?’

‘ತಿಳೀತ್ರಿ. ಹಮಾಲರು ಹೆಚ್ಚಿದ್ದಷ್ಟೂ ಚಲೋ.’

‘ಮಾಲು ಕಡಿಮಿ ಇದ್ದಾಗ ಚಲೋ. ನಿನ್ನ ನೆಟ್ಟಿನ ಕೆಳಗ ಮಾಲು ಬರಾಂಗಿಲ್ಲ. ಸಸಿ ಏನ್ ಮಾಡ್ತು? ಬಂದದ್ದು ಒಂದೂ ಕೈತಪ್ಪಬಾರದು ಅಂತ ಒಂದೊಂದು ಕಾಟಾಕ್ಕ ಹಮಾಲರ ದೊಡ್ಡ ಟೋಳಿ ಕಟ್ಟಿತು. ನೆರಳಿನ ಪಾಚಿ ಯಾಕ ಕಪ್ಪಗಿತ್ತು? ಅದ ಕಥಿ. ನೀ ಕಡುಹಸಿರು ಅಂತ ಬೀಗತಿದ್ದಿ. ಅದು ಆರೋಗ್ಯ ಅಲ್ಲ, ಹಸಿವು. ಈಗ ಒಮ್ಮಿಂದೊಮ್ಮೆಲೇ ಬಯಲಿಗಿ ಒಯ್ದ್ರಿ. ಬ್ಯಾಡಗ್ಯಾಗ ಸುಗ್ಗಿ ದಿನ ಲಾರಿ ಮ್ಯಾಲೆ ಲಾರಿ ಬಂದಂಗ. ಟೋಳಿ ದೊಡ್ಡದು, ಹಿಡದು ಹಿಡದು ಒಗ್ಯಾಕತ್ತಿತು. ಕಾಟಾ ಒಂದ. ಏನಾಗ್ತದ?’

‘ಕಾಟಾ ಮುರೀತದ’ ಎಂದಳು ಗಿರಿಜವ್ವ, ನನಗಿಂತ ಮುಂಚೆ.

‘ಮುರೀತು. ಹಮಾಲರೂ ಸತ್ರು. ಎಲಿ ಬೆಳ್ಳಗಾತು.’

‘ಮತ್ತ ಉಳದ ಗಿಡ ಎಲ್ಲಾ ಬಿಸಿಲಾಗ ಹೆಂಗ ನಿಂತಾವ್ರಿ?’ ಎಂದು ಬಯಲಿನ ಬೇವಿನ ಗಿಡ ತೋರಿಸಿದೆ.

‘ಬಿಸಿಲಾಗ ಬೆಳದ ಎಲ್ಯಾಗ ಟೋಳಿ ಸಣ್ಣದು. ಮ್ಯಾಲೆ ಹಳದಿ ಬಣ್ಣದ ಕಣ ಹೆಚ್ಚು ಇರ್ತಾವ. ಹೆಚ್ಚಾದ ಬೆಳಕನ್ನ ಕಾಟಾಕ್ಕ ಹೋಗಗೊಡಲಾರದ ಬರೇ ಬಿಸಿ ಮಾಡಿ ಹೊರಗ ಹಾಕ್ತಾವ. ನಿಮ್ಮ ಮೆಣಸಿನಕಾಯಿ ಕೆಂಪಿಗೆ ಇವು ದಾಯಾದಿಗಳು, ಒಂದ ಮನೆತನ. ನಿನ್ನ ಸಸ್ಯಾಗ ಅವು ಸಾಕಷ್ಟಿಲ್ಲ. ತಯಾರು ಮಾಡ್ಕೋಳಾಕ ಬರ್ತದ, ಆದ್ರ ದಿನಾ ಸ್ವಲ್ಪ ಸ್ವಲ್ಪ ಬಿಸಿಲು ತೋರಸಬೇಕು. ವಾರ, ಹತ್ತು ದಿನ ಬೇಕು.’

ಹತ್ತು ದಿನ. ಹೊಲದ ಹಸಿ ಅಷ್ಟು ದಿನ ಕಾಯುತ್ತದೆಯೇ? ಅದೇ ಹೊತ್ತಿಗೆ ಚಂದ್ರು ಬಂದು ಬಾಗಿಲಲ್ಲಿ ನಿಂತಿದ್ದ. ಕಂಪನಿ ಸಸಿಗೆ ಹೇಳಿ ಬಂದದ್ದೂ ಆಗಿತ್ತು.

ಜೀವನದಲ್ಲಿ ನಾನು ಮಾಡಿದ ಚೌಕಾಸಿಗಳಲ್ಲಿ ದುಡ್ಡಿನ ಬದಲು ದಿನ ಕೇಳಿದ್ದು ಅದೊಂದರಲ್ಲೇ.

‘ಚಂದ್ರು, ಹದಿನೈದು ದಿನ ಕೊಡಪಾ.’

‘ಎರಡು ದಿನ, ಅಕ್ಕಾ. ಹಸಿ ಆರಾಕತ್ತೈತಿ.’

‘ಹೋದ ಅರ್ಧಕ್ಕ ನಿನ್ನ ಕಂಪನಿ ಸಸಿ ಹಚ್ಚು, ನಾ ಬ್ಯಾಡ ಅನ್ನೂದಿಲ್ಲ. ಉಳದ ಅರ್ಧ ಹನ್ನೆರಡು ದಿನ ಖಾಲಿ ಬಿಡು.’

‘ನಾಕು. ಅವ್ವನ ಸಲುವಾಗಿ.’

‘ಹತ್ತು. ನೀರು ಬೇಕಂದ್ರ ನಾ ಹೊತ್ತು ಹಾಕ್ತೇನಿ.’

‘ನೀವು ಹೊರ್‍ತೀರಿ?’ ಎಂದು ನಕ್ಕ. ‘ಆತು, ಒಂಬತ್ತು. ಒಂಬತ್ತನೇ ದಿನ ಸಂಜೀಗೆ ಯಾವ ಸಸಿ ಹಸಿರು ಇರ್ತಾವ ಅವ ಹೊಲಕ್ಕ. ಅದರ ಮ್ಯಾಲೆ ಒಂದು ದಿನಾ ಇಲ್ಲ.’

‘ನನ್ನ ಬೀಜ, ನನ್ನ ಹೊಲ. ನೀವಿಬ್ರೂ ಸಂತಿ ಮಾಡಾಕತ್ತೀರಿ’ ಎಂದು ಗಿರಿಜವ್ವ ಎದ್ದಳು. ‘ನನ್ನ ಒಬ್ರರ ಕೇಳಿದ್ರೇನು?’

‘ಹೇಳವ್ವಾ’ ಎಂದ ಚಂದ್ರು.

‘ಒಂಬತ್ತು ಅಂದೀದಿ. ಒಂಬತ್ತ ಇರಲಿ’ ಎಂದಳು. ಆ ಮಾತು ತನ್ನ ಬಾಯಿಂದ ಬರಬೇಕು ಎಂದಿತ್ತು, ಬಂತು, ಅಷ್ಟೇ.

ಆ ಒಂಬತ್ತು ದಿನ ಆಕೆ ಮುಂಜಾನೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋದಳು. ಟ್ರೇಗಳನ್ನೆಲ್ಲ ಒಂದು ಕಡೆ ಸೇರಿಸಿ ಆ ಭಾಗದ ನೆಟ್ ಬಿಚ್ಚಿಕೊಂಡೆವು. ಮೊದಲ ದಿನ ಬಿಸಿಲು ಏರುವ ಮುನ್ನ ಒಂದು ತಾಸು ಸರಿಸಿದೆವು. ಮರುದಿನ ಎರಡು ತಾಸು. ನಾನು ಒಂದು ತುದಿ, ಆಕೆ ಒಂದು ತುದಿ ಹಿಡಿದು ಸುತ್ತುವುದು, ಮತ್ತೆ ಬಿಡಿಸುವುದು. ‘ಮಗಳ ತಲಿ ಮ್ಯಾಲೆ ಸೆರಗು ಹಾಕಿ ತಗದಂಗಾತು’ ಎಂದು ನಗುತ್ತಿದ್ದಳು. ನೀರು ಕಡಿಮೆ ಮಾಡಿದೆವು. ಮಧ್ಯಾಹ್ನ ರೊಟ್ಟಿ ಬಿಚ್ಚಿ ಕೂತಾಗ ನನ್ನ ಪಲ್ಯದಲ್ಲಿ ಕೊರತೆ ತೆಗೆದು ತನ್ನ ಚಟ್ನಿ ನನ್ನ ತಾಟಿಗೆ ಹಾಕುತ್ತಿದ್ದಳು. ಇಷ್ಟೆಲ್ಲ ಹಾಳು ಮಾಡಿದವಳ ತಾಟಿಗೆ ಯಾಕೆ ಹಾಕುತ್ತೀ ಎಂದು ಕೇಳಬೇಕು ಎನಿಸುತ್ತಿತ್ತು, ಕೇಳಲಿಲ್ಲ.

ನಾಲ್ಕನೆಯ ದಿನ ನಾನು ಮತ್ತೊಂದು ತಪ್ಪು ಮಾಡಿದೆ. ಮೋಡ ಮುಸುಕಿತ್ತು. ಇಂಥ ದಿನ ಮಧ್ಯಾಹ್ನವೂ ತೆರೆದಿಟ್ಟರೆ ಒಂದು ದಿನ ಉಳಿಯುತ್ತದೆ ಎಂದು ಲೆಕ್ಕ ಹಾಕಿ ತೆರೆದೇ ಬಿಟ್ಟೆ. ಹನ್ನೆರಡರ ಹೊತ್ತಿಗೆ ಮೋಡ ಹರಿದು ಬಿಸಿಲು ಒಮ್ಮೆಲೇ ಬಿತ್ತು. ಇಬ್ಬರೂ ಓಡಿ ನೆಟ್ ಎಳೆಯುವಷ್ಟರಲ್ಲಿ ಅಂಚಿನ ಮೂರು ಟ್ರೇಗಳ ಎಲೆ ಸುಟ್ಟಿದ್ದವು. ‘ಇದರಾಗೂ ಉಳಸಾಕ ಹೋದಿ ಏನಬೇ?’ ಎಂದಳು ಗಿರಿಜವ್ವ. ಆ ಒಂದು ಮಾತು ಸಾಕಾಯಿತು.

ಆರನೆಯ ದಿನದಿಂದ ಬದಲಾವಣೆ ಕಣ್ಣಿಗೆ ಬಿತ್ತು. ಸಸಿ ಮೇಲಕ್ಕೆ ಓಡುವುದನ್ನು ನಿಲ್ಲಿಸಿತ್ತು. ಕಾಂಡ ಗಟ್ಟಿಯಾಯಿತು. ಹೊಸ ಎಲೆ ಸಣ್ಣದು, ದಪ್ಪ, ಬಣ್ಣ ತಿಳಿಹಸಿರು. ಮೊದಲಾಗಿದ್ದರೆ ಅಂಥ ಬಣ್ಣಕ್ಕೆ ನಾನು ಗೊಬ್ಬರ ಹಾಕುತ್ತಿದ್ದೆ. ಈಗ ಅದನ್ನು ನೋಡಿ ಖುಷಿಪಟ್ಟೆ.

ಒಂಬತ್ತನೆಯ ದಿನ ಸಂಜೆ ಬಿಸಿಲು ಇಳಿದ ಮೇಲೆ ನೆಟ್ಟೆವು. ಮೇಲ್ಮಣ್ಣು ಆರಿತ್ತು. ಕೊಟ್ಟ ಮಾತಿನಂತೆ ನಾನು ಕೊಡದಲ್ಲಿ ನೀರು ಹೊತ್ತೆ, ಗಿಡಕ್ಕೊಂದು ಚಂಬು. ಚಂದ್ರು ಎರಡು ಸಾಲು ನೋಡಿ ನಕ್ಕ, ಮೂರನೆಯ ಸಾಲಿಗೆ ಕೊಡ ತಾನೇ ಇಸಿದುಕೊಂಡ.

ಮರುದಿನ ನರ್ಸರಿಗೆ ಬೀಗ ಹಾಕಿ ಅಗಡಿಗೆ ಹೋದೆ. ಮತ್ತೆ ಅದೇ ಮೋಡವಿಲ್ಲದ ಆಕಾಶ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸಸಿಗಳೂ ತಲೆ ಬಾಗಿಸಿಬಿಟ್ಟವು. ನಾನು ಬದುವಿನಿಂದ ಎದ್ದೆ. ‘ಯವ್ವಾ, ನಾ ಹೋಗ್ತೇನಿ. ನೋಡಾಕ ಆಗವಲ್ದು.’

‘ಕುಂದ್ರು’ ಎಂದಳು. ‘ಬಾಡ್ಯಾವ, ಬೆಳ್ಳಗಾಗಿಲ್ಲ. ಕಣ್ಣ ತಗದು ನೋಡು. ಸಂಜೀತನಕ ಕುಂದ್ರು.’

ಕೂತೆ. ಐದರ ಸುಮಾರಿಗೆ ನಮ್ಮ ಕಾಲ ಬಳಿಯ ಒಂದು ಸಸಿ ಎಲೆ ಎತ್ತಿತು. ಆಮೇಲೆ ಅದರ ಪಕ್ಕದ್ದು. ಹೊತ್ತು ಮುಳುಗುವಾಗ ಸಾಲಿಗೆ ಸಾಲೇ ನೆಟ್ಟಗೆ ನಿಂತಿತ್ತು, ಹಸಿರಾಗಿಯೇ. ಗಿರಿಜವ್ವ ಎದ್ದು ಸೀರೆಯ ಮಣ್ಣು ಕೊಡವಿಕೊಂಡು, ‘ನಡಿ, ಚಹಾ ಕುಡಿಯೂಣು’ ಎಂದಳು. ಮೂರನೆಯ ದಿನ ಮಳೆ ಬಂತು.

ಜನವರಿಯಲ್ಲಿ ಆ ಅರ್ಧ ಹೊಲದ ಕಾಯಿ ಕೆಂಪಾದಾಗ ಮಹದೇವ ಮಾಸ್ತರನ್ನೂ ಕರೆದುಕೊಂಡು ಹೋದೆ. ಅವರು ಒಂದು ಕಾಯಿ ಮುರಿದು ಅಂಗೈಗೆ ಉಜ್ಜಿಕೊಂಡು, ಬಣ್ಣ ನೋಡಿ, ಹುಡುಗರಿಗೆ ತೋರಿಸಲೆಂದು ಕೈ ತೊಳೆಯದೆ ಹೋದರು. ಮಧ್ಯೆ ಕಣ್ಣು ಉಜ್ಜಿಕೊಂಡರೆಂದು ಆಮೇಲೆ ತಿಳಿಯಿತು. ಚಂದ್ರು ಬೀಜಕ್ಕೆ ಕಾಯಿ ಆರಿಸಲು ಅವ್ವನ ಜೊತೆ ತಾನೇ ಸಾಲು ಹಿಡಿದ. ಆರಿಸಿ ಒಣಗಿಸಿದ ಬೀಜವನ್ನು ಗಿರಿಜವ್ವ ಎರಡು ಡಬ್ಬಿಗಳಲ್ಲಿ ತುಂಬಿ, ಒಂದನ್ನು ನನ್ನ ಮುಂದೆ ಇಟ್ಟಳು. ‘ಇದು ನಿಮ್ಮ ಮನ್ಯಾಗ ಇರಲಿ. ಮಾರಬ್ಯಾಡ, ಬರೇ ಇಟ್ಕೋ. ವರ್ಷಾ ಬದಲಿ ಮಾಡೂಣು’ ಎಂದಳು. ಇಂದಿಗೂ ಪ್ರತಿ ವರ್ಷ ಹಳೆಯ ಬೀಜಕ್ಕೆ ಹೊಸದು ಬದಲಾಯಿಸುತ್ತೇವೆ. ಮಾರಿಲ್ಲ.

ನರ್ಸರಿ ಮಾಡುವವರಿಗೂ ಮನೆಯ ಮಾಳಿಗೆಯ ಮೇಲೆ ಕುಂಡ ಇಟ್ಟವರಿಗೂ ನಾನು ಹೇಳುವುದು ಇಷ್ಟು. ನೆಟ್ ಕೊಳ್ಳುವಾಗ ಎಷ್ಟರದು ಎಂದು ಕೇಳಬೇಡಿ, ಎಷ್ಟು ಬೆಳಕು ಒಳಗೆ ಬಿಡುತ್ತದೆ ಎಂದು ಕೇಳಿ. ಅಂಗಡಿಯವನು ನಕ್ಕರೆ ನಗಲಿ. ಮೆಣಸಿನ ಸಸಿಗೆ ಐವತ್ತರದು ಸಾಕು, ಅದನ್ನೂ ದಿನವಿಡೀ ಎಳೆದಿಡಬೇಡಿ. ಸಸಿ ಕೊಳ್ಳುವವರು ಎತ್ತರಕ್ಕೂ ಕಡುಹಸಿರಿಗೂ ಮರುಳಾಗಬೇಡಿ. ಗಿಡ್ಡ, ದಪ್ಪ ಕಾಂಡದ, ಬಣ್ಣ ಸ್ವಲ್ಪ ತಿಳಿಯಾದ ಸಸಿ ಆರಿಸಿ. ಎಷ್ಟು ದಿನ ಬಿಸಿಲು ಕಂಡಿದೆ ಎಂದು ಕೇಳಿ, ಒಂದು ವಾರಕ್ಕಿಂತ ಕಡಿಮೆ ಎಂದರೆ ಅಲ್ಲೇ ಬಿಟ್ಟು ಬನ್ನಿ, ಇಲ್ಲವೇ ಒಯ್ದು ನೀವೇ ದಿನಕ್ಕೆ ಒಂದೊಂದು ತಾಸು ಹೆಚ್ಚಿಸುತ್ತ ಒಗ್ಗಿಸಿ. ಮೋಡವನ್ನು ನಂಬಬೇಡಿ. ನೆಡುವುದು ಸಂಜೆ. ಮರುದಿನ ಮಧ್ಯಾಹ್ನ ಸಸಿ ತಲೆ ಬಾಗಿಸಿದರೆ ಕಿತ್ತೊಗೆಯಬೇಡಿ, ಎಲೆಯ ಬಣ್ಣ ನೋಡಿ, ಹಸಿರಿದ್ದರೆ ಸಂಜೆಯವರೆಗೆ ಬದುವಿನ ಮೇಲೆ ಕೂತುಕೊಳ್ಳಿ. ಇನ್ನು ನಿಮ್ಮ ಮನೆಯಲ್ಲಿ ಹಳೆಯ ಬೀಜ ಇದ್ದರೆ ಅದನ್ನು ಇದ್ದಷ್ಟೂ ಒಬ್ಬರ ನರ್ಸರಿಗೆ ಒಂದೇ ಸಲ ಕೊಟ್ಟುಬಿಡಬೇಡಿ. ಅವರು ಎಷ್ಟೇ ಬುದ್ಧಿವಂತರಾಗಿ ಕಾಣಲಿ, ನಾನೇ ಆಗಿರಲಿ, ಒಂದು ಹಿಡಿ ಮನೆಯಲ್ಲಿ ಉಳಿಸಿಕೊಂಡೇ ಬನ್ನಿ.